ಹೆಬ್ಬೆರಳಿನ ಕೆಳಗಿನ ಗಂಡಂದಿರು

ಇಂಗ್ಲಿಷರಿಗೆ ಸಲಿಗೆ ಅಂದರೆ ಒಂಥರಾ ದಿಗಿಲು. ಇಬ್ಬರು ತುಂಬಾ ಹಚ್ಚಿಕೊಂಡಿದ್ದರೆ ‘ಥಿಕ್ ಆಸ್ ಥೀವ್ಸ್’ ಅಂತಾರೆ, ಸ್ನೇಹಕ್ಕೆ ಕಳ್ಳರೇ ಮಾದರಿ! ‘ಹ್ಯಾಂಡ್ ಇನ್ ಗ್ಲವ್’ ಅಂತ ಪತ್ರಿಕೆಯಲ್ಲಿ ಬಂದರಂತೂ ಕಂಟ್ರಾಕ್ಟರೂ ಅಧಿಕಾರಿಯೂ ಸೇರಿ ಏನೋ ನುಂಗಿದ್ದಾರೆ ಅಂತ ತಿಳಿದುಕೊಳ್ಳಬೇಕು. ನಾವೇನೂ ಸಾಚಾಗಳಲ್ಲ ಬಿಡಿ. ‘ಅವರಿಬ್ಬರೂ ಈಗ ಗಳಸ್ಯ ಕಂಠಸ್ಯ’ ಅನ್ನುವಾಗ ನಮ್ಮ ಅಜ್ಜಿಯರ ಮೂತಿಯೂ ಸೊಟ್ಟಗೇ ಆಗುತ್ತಿತ್ತು.

ಆದರೆ ಯಾರು ಯಾರನ್ನು ಕುಣಿಸುತ್ತಾರೆ ಅನ್ನುವ ಮಾತು ಬರಲಿ, ಆ ಬಿಗುಮಾನವೆಲ್ಲ ಮಾಯ. ಒಬ್ಬ ಇನ್ನೊಬ್ಬರ ಹೆಬ್ಬೆರಳಿನ ಕೆಳಗೆ, ಮತ್ತೊಬ್ಬ ಕಿರುಬೆರಳಿನ ಸುತ್ತ, ಮಗದೊಬ್ಬನ ಮೂಗು ಯಾರದೋ ಮುಷ್ಟಿಯಲ್ಲಿ. ಈ ಮೂಗಿನ ಮಾತು ಶೇಕ್ಸ್‌ಪಿಯರನ ‘ಒಥೆಲೊ’ದಲ್ಲೂ ಇದೆ, ಇಯಾಗೊ ತನ್ನ ದಣಿಯನ್ನು ಹೇಗೆ ನಡೆಸಿಕೊಂಡು ಹೋಗುತ್ತೇನೆ ಅಂತ ಮೊದಲ ಅಂಕದಲ್ಲೇ ಬಾಯಿಬಿಟ್ಟು ಹೇಳಿಬಿಡುತ್ತಾನೆ. ಅಲ್ಲಿ ಗಂಡಸು ಗಂಡಸಿನ ಮೂಗು ಹಿಡಿದಿದ್ದು, ಆದ್ದರಿಂದ ಅದು ದುರಂತ ನಾಟಕ. ಹೆಂಡತಿ ಹಿಡಿದಿದ್ದರೆ ಪ್ರಹಸನ ಆಗಿರುತ್ತಿತ್ತು.

ಯಾಕೆ ಅಂದರೆ, ಹಿಡಿತದ ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಒಳ್ಳೊಳ್ಳೆಯವೆಲ್ಲ ಪಾಪದ ಗಂಡನಿಗೇ ಮೀಸಲು. ಆ ಮನೆಯಲ್ಲಿ ಪ್ಯಾಂಟು ಹಾಕುವವಳು ಅವಳೇ ಅಂತೆ. ಅವನು ‘ಹೆನ್‌ಪೆಕ್ಡ್’ ಅಂತೆ, ಹೇಂಟೆಯಿಂದ ಕುಕ್ಕಿಸಿಕೊಂಡವನು. ಕೋಳಿಗಳಿಗೇ ಇದು ಹೊಸ ಸುದ್ದಿ ಇರಬೇಕು. ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನೇ ನೋಡುತ್ತಾ ಕೂತು, ಯಾವುದು ಯಾವುದನ್ನು ಕುಕ್ಕುತ್ತದೆ ಅನ್ನುವ ಲೆಕ್ಕವನ್ನು 1921ರಲ್ಲಿ ಪ್ರಕಟಿಸಿದ. ‘ಪೆಕಿಂಗ್ ಆರ್ಡರ್’ ಅನ್ನುವ ಮಾತು ಹುಟ್ಟಿದ್ದೇ ಅಲ್ಲಿಂದ. ಹೇಂಟೆ ಕುಕ್ಕುವುದು ತನಗಿಂತ ಕೆಳಗಿನ ಹೇಂಟೆಯನ್ನು. ಬಲಿತ ಹುಂಜದ ತಂಟೆಗೆ ಅದು ಸಾಮಾನ್ಯವಾಗಿ ಹೋಗುವುದೇ ಇಲ್ಲ.

ಇನ್ನು ಏಪ್ರನ್ನಿನ ದಾರ. ಅಮ್ಮನ ಬೆನ್ನು ಬಿಡದ ಮಗನನ್ನು ‘ಟೈಡ್ ಟು ಹರ್ ಏಪ್ರನ್ ಸ್ಟ್ರಿಂಗ್ಸ್’ ಅಂತ ಆಡಿಕೊಳ್ಳುತ್ತಾರಲ್ಲ, ಆ ದಾರ ಹಿಂದೆ ಆಸ್ತಿಪಾಸ್ತಿಯ ಮಾತಿನಲ್ಲೂ ಓಡಾಡುತ್ತಿತ್ತು. ಹೆಂಡತಿಯ ಕಡೆಯಿಂದ ಬಂದ ಜಮೀನು ಅವಳು ಬದುಕಿರುವ ತನಕ ಮಾತ್ರ ಗಂಡನ ಕೈಯಲ್ಲಿದ್ದರೆ ಅದಕ್ಕೆ ‘ಏಪ್ರನ್-ಸ್ಟ್ರಿಂಗ್ ಟೆನ್ಯೂರ್’ ಅನ್ನುತ್ತಿದ್ದರು. ಆ ಗಂಡ ಹೆಂಡತಿಗೆ ನೆಗಡಿಯಾದರೂ ಎಷ್ಟು ಕಾಳಜಿಯಿಂದ ಕಷಾಯ ಕಾಸುತ್ತಿದ್ದಿರಬೇಕು, ನೀವೇ ಊಹಿಸಿ.

ನಗು ಬರೀ ಮಾತಿನಲ್ಲೇ ಮುಗಿಯುತ್ತಿರಲಿಲ್ಲ. ಹೆಂಡತಿಯಿಂದ ಏಟು ತಿಂದವನ ಸುದ್ದಿ ಹಬ್ಬಿದರೆ ಹಳ್ಳಿಯವರು ಪಾತ್ರೆ ಪಗಡಿ ಬಡಿಯುತ್ತಾ ಮೆರವಣಿಗೆ ಹೊರಡುತ್ತಿದ್ದರು. ಅದರ ಹೆಸರು ಸ್ಕಿಮ್ಮಿಂಗ್ಟನ್. ಸಾಮರ್‌ಸೆಟ್‌ನ ಮಾಂಟಕ್ಯೂಟ್ ಹೌಸ್‌ನ ದೊಡ್ಡ ಹಜಾರದಲ್ಲಿ, 1600ರ ಆಸುಪಾಸಿನ ಗಾರೆಯ ಉಬ್ಬುಚಿತ್ರವೊಂದರಲ್ಲಿ ಈ ಕಥೆಯೇ ಇದೆ. ಮಗು ನೋಡಿಕೋ ಅಂತ ಬಿಟ್ಟುಹೋದರೆ ಗಂಡ ಕುಡಿಯುತ್ತಿದ್ದಾನೆ. ಹೆಂಡತಿ ಜೋಡು ತೆಗೆದು ತಲೆಗೊಂದು ಬಿಟ್ಟಿದ್ದಾಳೆ. ಪಕ್ಕದಲ್ಲೇ ಒಬ್ಬನನ್ನು ಗಳದ ಮೇಲೆ ಕೂರಿಸಿ ಊರೆಲ್ಲ ಮೆರೆಸುತ್ತಿದೆ. ಈ ಮನೆ ಕಟ್ಟಿಸಿದ ಎಡ್ವರ್ಡ್ ಫೆಲಿಪ್ಸ್ ವಕೀಲ, ಮುಂದೆ ಕಾಮನ್ಸ್ ಸಭೆಯ ಸ್ಪೀಕರ್. ಊಟಕ್ಕೆ ಕೂತ ನೆಂಟರಿಗೆಲ್ಲ ಕಾಣುವ ಹಾಗೆ ಇಂಥ ಚಿತ್ರ ಮಾಡಿಸಿದ ಮಹಾರಾಯನ ಮನೆಯಾಕೆ ಏನಂದಳೋ!

ಇಷ್ಟೆಲ್ಲ ಗೋಳಾಡಿದ ಗಂಡಂದಿರ ಸ್ಥಿತಿ ಕಾನೂನಿನ ಪ್ರಕಾರ ಹೇಗಿತ್ತು? 1765ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ನ್ಯಾಯಪಂಡಿತ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಂದೇ ವ್ಯಕ್ತಿ ಅಂತ ಬರೆದಿಟ್ಟ. ಆಹಾ, ಎಂಥ ಅನ್ಯೋನ್ಯತೆ ಅನ್ನಬೇಡಿ. ಆ ಒಂದು ವ್ಯಕ್ತಿ ಗಂಡನೇ. ಅವಳ ದುಡಿಮೆಯ ಕಾಸು, ಒಡವೆ, ಪಾತ್ರೆ ಎಲ್ಲ ಅವನದು. ಇನ್ನು ಹೆಬ್ಬೆರಳಿನ ವಿಷಯ ಕೇಳಿ. ತನ್ನ ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಲ್ಲಿ ಗಂಡ ಹೆಂಡತಿಗೆ ಹೊಡೆಯಬಹುದು ಅಂತ ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶ ಹೇಳಿದನೆಂದು ಗುಲ್ಲೆದ್ದಿತು. ಹಾಗೆ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಆದರೆ 1782ರಲ್ಲಿ ವ್ಯಂಗ್ಯಚಿತ್ರಕಾರ ಗಿಲ್‌ರೇ ಅವನನ್ನು ‘ಜಡ್ಜ್ ಥಂಬ್’ ಮಾಡಿ, ಕೋಲು ಮಾರಲು ಕೂರಿಸಿದ. ಜನ ನಂಬಿದರು ಅಂದಮೇಲೆ, ಹೆಬ್ಬೆರಳು ಯಾರದು, ಕೆಳಗಿದ್ದವರು ಯಾರು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅಲ್ಲವೇ?

ಹೆಂಡತಿ ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳಲು, ಮಾರಲು ಇಂಗ್ಲೆಂಡಿನಲ್ಲಿ ಪೂರ್ತಿ ಅವಕಾಶ ಸಿಕ್ಕಿದ್ದು 1882ರ ಕಾಯಿದೆಯಿಂದ. ಅಷ್ಟು ಹೊತ್ತಿಗೆ ‘ಹೆನ್‌ಪೆಕ್ಡ್’ ಪದಕ್ಕೆ ಇನ್ನೂರು ವರ್ಷ ದಾಟಿತ್ತು. ಕೀಲಿಕೈ ಗೊಂಚಲು ಸೊಂಟದಲ್ಲಿಟ್ಟುಕೊಂಡೇ ‘ಅಯ್ಯೋ, ನನ್ನನ್ನು ಕೂಡಿಹಾಕಿದ್ದಾಳೆ’ ಅಂತ ಇನ್ನೂರು ವರ್ಷ ಕೂಗಾಡಿದ ಗಂಡಸರನ್ನು ಮೆಚ್ಚಲೇಬೇಕು.

ನಿಮ್ಮ ಬಳಗದಲ್ಲೂ ಯಾರಾದರೂ ‘ನಮ್ಮ ಮನೇಲಿ ನಂದೇನೂ ನಡೆಯಲ್ಲಪ್ಪ, ಎಲ್ಲಾ ಅವಳದೇ’ ಅಂತ ಹಲ್ಲು ಕಿರಿದರೆ, ಮನೆಪತ್ರ ಯಾರ ಹೆಸರಿನಲ್ಲಿದೆ ಅಂತ ಮೆಲ್ಲಗೆ ಕೇಳಿ ನೋಡಿ.