ಎರೆಹೊಲದ ವನವಾಸಿ

ನಾಲ್ಕು ಮಳೆ ಬಿದ್ದ ಮೇಲೆ ಭಾನುವಾರ ನಸುಕಿನಲ್ಲಿ ರಾಯಚೂರು ಬಿಟ್ಟು, ಮಂತ್ರಾಲಯದ ರಸ್ತೆ ಹಿಡಿದು ಯರಗೇರಾದ ಕಡೆ ಬರುವ ಒಂದು ಬಗೆಯ ಮನುಷ್ಯನನ್ನು ಈಗ ಯಾರು ಬೇಕಾದರೂ ಗುರುತಿಸಬಲ್ಲರು. ವಯಸ್ಸು ನಲವತ್ತರ ಆಚೀಚೆ. ನೌಕರಿ ಬ್ಯಾಂಕಿನದೋ, ಕಾಲೇಜಿನದೋ, ಶಕ್ತಿನಗರದ ವಿದ್ಯುತ್ ಸ್ಥಾವರದ್ದೋ. ಕಾಲಿಗೆ ಹಲ್ಲುಹಲ್ಲಿನ ಅಡಿಯ ಬೂಟು, ಕೈಗೆ ಹೆಜ್ಜೆ ಎಣಿಸುವ ವಾಚು, ಬೆನ್ನಿಗೆ ನಳಿಗೆಯಿಂದ ನೀರು ಹೀರುವ ಚೀಲ, ಕೊರಳಿಗೆ ಹುಳದ ಮೀಸೆ ಎಣಿಸಬಲ್ಲ ಕ್ಯಾಮೆರಾ, ಸೊಂಟಕ್ಕೆ ಅಣಬೆಗೆಂದೇ ಒಂದು ಬೆತ್ತದ ಬುಟ್ಟಿ. ಅವನು ಒಂದೇ ಬೆಳಗಿನಲ್ಲಿ ಗುಡ್ಡದ ಹಾದಿ ಓಡಬೇಕು, ಕೀಟ ನೋಡಬೇಕು, ಅಣಬೆ ಆಯಬೇಕು. ಹತ್ತು ಗಂಟೆಯೊಳಗೆ ಊರಿಗೆ ಮರಳಿ ಒಗ್ಗರಣಿ-ಮಿರ್ಚಿಗೂ ಮುಟ್ಟಬೇಕು. ಜನ ಅವನನ್ನು ಕಂಡು ನಗುತ್ತಾರೆ. ನಗಲಿ, ಆದರೆ ನಗುವ ಕಾರಣ ತಪ್ಪು ಎಂಬುದು ನನ್ನ ವಾದ. ಕಾಡೇ ಇಲ್ಲದ ಸೀಮೆಯಲ್ಲಿ ಇವನಿಗೆ ಕಾಡಿನ ಹುಚ್ಚು ಎನ್ನುತ್ತಾರೆ. ರಾಜ್ಯದಲ್ಲಿ ಕಾಡು ತೀರಾ ಕಡಿಮೆ ಇರುವ ಜಿಲ್ಲೆಗಳಲ್ಲಿ ರಾಯಚೂರೂ ಒಂದು, ಒಪ್ಪೋಣ. ಆದರೂ ಹುಳಕ್ಕಾಗಲಿ ಅಣಬೆಗಾಗಲಿ ಇಲ್ಲಿ ಬರ ಬಂದಿಲ್ಲ. ಬರ ಬಂದಿರುವುದು ಅವನ ಪುರುಸೊತ್ತಿಗೆ.

ಮೊದಲು ಓಟವನ್ನೇ ನೋಡಿ. ಈ ರಸ್ತೆಗೆ ಕಾಲುನಡಿಗೆಯವರು ಹೊಸಬರಲ್ಲ. ರಾಯರಿಗೆ ಹರಕೆ ಹೊತ್ತವರು ನಡೆಯುತ್ತಾರೆ, ಪೊಲೀಸ್ ಆಯ್ಕೆಗೆ ತಯಾರಾಗುವ ಹುಡುಗರು ಓಡುತ್ತಾರೆ. ಒಬ್ಬರದು ಪುಣ್ಯಕ್ಕೆ, ಇನ್ನೊಬ್ಬರದು ಪಗಾರಕ್ಕೆ. ಇವನದು ಎರಡಕ್ಕೂ ಅಲ್ಲವೆಂದು ಮುಖದಲ್ಲೇ ಕಾಣುವುದರಿಂದ ಬೈಕಿನವರು ನಿಲ್ಲಿಸಿ, “ಗಾಡಿ ಕೆಟ್ಟೈತೇನ್ರಿ ಸಾರ್? ಹತ್ರಿ, ಯರಗೇರಾತನಕ ಬಿಡ್ತೀನಿ” ಎನ್ನುತ್ತಾರೆ. ಅವನು ಅದನ್ನು ಅಜ್ಞಾನವೆಂದುಕೊಳ್ಳುತ್ತಾನೆ. ಅದು ಬರೀ ಉಪಕಾರ. ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ ಎರೆಮಣ್ಣು ಕಾದಿರುತ್ತದೆ. ನೀರು ಕುಡಿದರೆ ಉಬ್ಬಿ ಅಂಟುವ ಜೇಡಿಯೇ ಆ ಮಣ್ಣಿನ ತುಂಬ. ನೆಲವನ್ನು ಗಟ್ಟಿಯಾಗಿ ಹಿಡಿಯಲಿ ಎಂದು ಮಾಡಿದ ಬೂಟಿನ ಹಲ್ಲುಗಳು ಇಲ್ಲಿ ನೆಲವನ್ನು ಹಿಡಿದರೆ ಬಿಡುವುದೇ ಇಲ್ಲ. ನೂರು ಹೆಜ್ಜೆಗೆಲ್ಲ ಒಂದೊಂದು ಬೂಟಿಗೂ ಹೊಲದ ಪಾಲು ಬಂದಿರುತ್ತದೆ, ಪಹಣಿಯಲ್ಲಿ ಹೆಸರು ಏರುವುದೊಂದು ಬಾಕಿ. ಅಷ್ಟರಲ್ಲಿ ಆ ಹೊಲದ ಒಡೆಯ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಅವಸರವಿಲ್ಲದೆ ಅವನನ್ನು ದಾಟಿ ಹೋಗಿರುತ್ತಾನೆ. ಎರೆ ಬೇಡವೆಂದು ಗುಡ್ಡದ ಮಗ್ಗುಲಿಗೆ ತಿರುಗಿದರೆ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡದ ಮುಳ್ಳು ಪರದೇಶದ ಬೂಟಿನೊಳಕ್ಕೆ ಬೀಗರ ಮನೆಗೆ ಹೊಕ್ಕಂತೆ ಹೊಕ್ಕುಬಿಡುತ್ತದೆ.

ಇನ್ನು ಕೀಟ. ಓಡುವವನ ಕಣ್ಣು ಹತ್ತು ಮಾರು ಮುಂದಿರಬೇಕು. ಕೀಟ ನೋಡುವವನ ಕಣ್ಣು ಒಂದೇ ಎಲೆಯ ಮೇಲೆ ಕಾಲು ಗಂಟೆ ಕೂರಬೇಕು. ನಿಂತವನನ್ನು ಕೈಯ ವಾಚು ಕ್ಷಮಿಸುವುದಿಲ್ಲ. ಹಾಗಾಗಿ ಅವನು ಏದುಸಿರಿನಲ್ಲೇ ಚಿತ್ರ ತೆಗೆಯುತ್ತಾನೆ, ಚಿತ್ರವೂ ಏದುಸಿರು ಬಿಡುತ್ತದೆ. ಅವನು ಓದಿಕೊಂಡಿರುವುದು ಮಲೆನಾಡಿನ ಚಿಟ್ಟೆಗಳನ್ನು, ಹುಡುಕುವುದೂ ಅವನ್ನೇ. ರಸ್ತೆ ಬದಿಯ ಎಕ್ಕೆ ಗಿಡವನ್ನು ಅವನು ಕಸವೆಂದು ದಾಟಿ ಓಡುತ್ತಾನೆ. ಹಳದಿ-ನೀಲಿ ಪಟ್ಟೆಯ ಮಿಡತೆ ಮೇಯುವುದು ಅದನ್ನೇ. ಕಿತ್ತಳೆ ರೆಕ್ಕೆಗೆ ಕಪ್ಪು ಅಂಚಿನ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುವುದೂ ಅದರ ಮೇಲೆಯೇ. ಅದರ ಮರಿಹುಳು ಎಕ್ಕೆಯ ವಿಷವನ್ನು ಉಂಡು ಮೈಯಲ್ಲೇ ಉಳಿಸಿಕೊಂಡು, ಹಕ್ಕಿಗಳಿಗೆ ಬೇಡವಾಗಿ ಬದುಕುತ್ತದೆ. ಮಖಮಲ್ಲಿನಂಥ ಕೆಂಪು ಮಿರಗದ ಹುಳ ಕಂಡಾಗ ಮಾತ್ರ ಅವನು ತಡೆಯಲಾರದೆ ಕೂರುತ್ತಾನೆ, ಆ ದಿನದ ಮೊದಲ ಕೀಟವೆಂದು ಮೊಬೈಲಿಗೆ ಏರಿಸುತ್ತಾನೆ. ಅದಕ್ಕೆ ಎಂಟು ಕಾಲು. ಅದು ಕೀಟವಲ್ಲ, ಜೇಡದ ಕಡೆಯ ನೆಂಟ. ಅವನು ಹೀಗೆ ಮಂಡಿಯೂರಿದ್ದನ್ನು ಕಂಡ ರೈತ ಬಂದು, “ಯಾವ ಕಂಪನಿಯವ್ರ್ರೀ? ಇದಕ್ಕ ಯಾವ ಎಣ್ಣಿ ಹೊಡೀಬೇಕು?” ಎಂದು ಕೇಳುವುದು ಸಹಜ. ಹತ್ತಿಗೆ ಗುಲಾಬಿ ಕಾಯಿಕೊರಕ, ಭತ್ತಕ್ಕೆ ಕಂದು ಜಿಗಿಹುಳು ಬಿದ್ದು ಕೈ ಸುಟ್ಟುಕೊಂಡವನ ಲೆಕ್ಕದಲ್ಲಿ, ಹುಳವನ್ನು ಇಷ್ಟು ಅಕ್ಕರೆಯಿಂದ ನೋಡುವವನು ಒಂದೋ ಎಣ್ಣಿ ಮಾರುವವನು, ಇಲ್ಲವೇ ಕೃಷಿ ವಿಶ್ವವಿದ್ಯಾಲಯದವನು.

ಓಟ, ಕೀಟ, ಅಣಬೆ ಮೂರೂ ಕೂಡುವ ಜಾಗ ಒಂದಿದೆ: ಹೊಲದ ಬದುವಿನ ಹುತ್ತ. ವಿಚಿತ್ರವೆಂದರೆ ಅವನು ಅತಿ ವೇಗವಾಗಿ ದಾಟುವುದೂ ಅದನ್ನೇ, ಹಾವಿನ ಭಯಕ್ಕೆ. ಹುತ್ತ ಕಟ್ಟುವ ಗೆದ್ದಲಿಗೆ ಒಣ ಕಡ್ಡಿ-ಹುಲ್ಲನ್ನು ತಾನಾಗಿ ಅರಗಿಸಿಕೊಳ್ಳುವುದು ಕಷ್ಟ. ಅದನ್ನು ಅಗಿದು ನೆಲದೊಳಗೆ ಜೇನುಹುಟ್ಟಿನ ಆಕಾರದ ಮಡಿ ಮಾಡಿ, ಅದರಲ್ಲಿ ಶಿಲೀಂಧ್ರ ಬೆಳೆದು ಉಣ್ಣುತ್ತದೆ. ಮಳೆ ಬಿದ್ದಾಗ ಆ ಮಡಿಯಿಂದಲೇ ಉದ್ದನೆಯ ಬೇರಿನಂಥ ಕಾಂಡ ಮೇಲೆದ್ದು ಹುತ್ತದ ಅಣಬೆಯಾಗುತ್ತದೆ. ಈ ಒಕ್ಕಲುತನಕ್ಕೆ ಸುಮಾರು 3 ಕೋಟಿ ವರ್ಷ. ಮಾನ್ವಿಗೆ ತುಂಗಭದ್ರೆಯ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆ ಬಂದದ್ದು ಮೊನ್ನೆ ಮೊನ್ನೆ. ಗೆದ್ದಲು ಕಾಲುವೆ ಕೇಳದೆ, ಬೆಳೆಸಾಲ ಎತ್ತದೆ ಉತ್ತು ಬಿತ್ತಿಕೊಂಡು ಬಂದಿದೆ. ಕಡ್ಡಿ ಹೊತ್ತ ಗೆದ್ದಲಿನ ಸಾಲು, ಅದನ್ನು ಕದಿಯಲು ಬರುವ ಇರುವೆ, ಮೇಲೆ ಅಣಬೆ. ಇಷ್ಟೆಲ್ಲವನ್ನು ಒಂದು ಗಂಟೆ ನಿಂತರೆ ನೋಡಬಹುದು. ವಾಚು ಆ ಒಂದು ಗಂಟೆಯನ್ನು ಸೊನ್ನೆ ಕಿಲೋಮೀಟರ್ ಎಂದು ಬರೆದುಕೊಳ್ಳುತ್ತದೆ.

ಪಾಪದ ಮನುಷ್ಯ, ಕುಡಿದು ಬಿದ್ದಿಲ್ಲ, ಇಸ್ಪೀಟಿಗೆ ಕೂತಿಲ್ಲ, ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ ಎಂದು ಕೇಳಬಹುದು. ಸರಿಯಾದ ಮಾತು. ಹೊಲದವರಿಗೆ ಎಲ್ಲವೂ ಗೊತ್ತು, ಇವನಿಗೇನೂ ಗೊತ್ತಿಲ್ಲ ಎಂಬ ವಾದವನ್ನೂ ನಾನು ಹೂಡುವುದಿಲ್ಲ. ರೈತನಿಗೆ ಶತ್ರುಗಳ ಪರಿಚಯ ಚೆನ್ನಾಗಿದೆ, ಮಿತ್ರರದು ಅಷ್ಟಿಲ್ಲ. ಹೇನು ತಿನ್ನುವ ಗುಲಗಂಜಿ ಹುಳುವಿಗೂ ಹೇನಿನ ಜೊತೆಗೇ ಎಣ್ಣಿ ಬೀಳುತ್ತದೆ. ಯರಗೇರಾದ ಬದುಗಳಲ್ಲಿ ಯಾವ ತಿಂಗಳು ಯಾವ ಹುಳ ಬರುತ್ತದೆ ಎಂದು ವರ್ಷಗಟ್ಟಲೆ ಚಿತ್ರಸಮೇತ ಬರೆದಿಡುವ ಒಬ್ಬ ಹವ್ಯಾಸಿ ಸಿಕ್ಕರೆ ಅದು ಜಿಲ್ಲೆಗೆ ಲಾಭವೇ. ಆದ್ದರಿಂದ ಅವನು ಬರಲಿ, ವಾಚು ಮನೆಯಲ್ಲಿಟ್ಟು ಬರಲಿ. ಓಡಲೇಬೇಕಾದರೆ ಓಟಕ್ಕೆ ಬೇರೆ ದಿನ, ಬೇರೆ ರಸ್ತೆ ಇವೆ.

ಅಣಬೆಯ ವಿಷಯದಲ್ಲಿ ಮಾತ್ರ ನನ್ನದು ಇಷ್ಟು ಉದಾರ ನಿಲುವಲ್ಲ. ಕಸ ತೆಗೆಯಲು ಬರುವ ಹೆಣ್ಣುಮಕ್ಕಳು ಅಣಬೆ ಕಿತ್ತರೆ ಹಿರಿಯರು ತೋರಿಸಿದ ಹುತ್ತದ್ದನ್ನೇ ಕೀಳುತ್ತಾರೆ; ಪಕ್ಕದ ಹುಲ್ಲಿನಲ್ಲಿ ಅದಕ್ಕಿಂತ ಚೆಂದದ್ದು ಎದ್ದಿದ್ದರೂ ಮುಟ್ಟುವುದಿಲ್ಲ. ಇವನ ಬುಟ್ಟಿ ತುಂಬುವುದೇ ಆ ಚೆಂದದ್ದರಿಂದ. ಎಳೆಯದಿರುವಾಗ ಬೆಳ್ಳಗೆ ಹುತ್ತದ ಅಣಬೆಯಂತೆಯೇ ಕಂಡು, ಬಲಿತಂತೆ ಕೊಡೆಯ ಒಳಪದರ ಹಸಿರಿಗೆ ತಿರುಗುವ ಒಂದು ಜಾತಿಯುಂಟು. ತಿಂದ ಒಂದರಿಂದ ಮೂರು ಗಂಟೆಯಲ್ಲಿ ವಾಂತಿ-ಭೇದಿ ಹಿಡಿಸುತ್ತದೆ. ಬೆಳ್ಳಿ ನಾಣ್ಯ ಹಾಕಿ ಕುದಿಸಿದೆ, ಕಪ್ಪಾಗಲಿಲ್ಲ ಎನ್ನುತ್ತಾನೆ. ಹುಳ ತಿಂದಿದೆ, ಅಂದಮೇಲೆ ವಿಷವಿಲ್ಲ ಎನ್ನುತ್ತಾನೆ. ಎರಡೂ ಸುಳ್ಳು. ಎಕ್ಕೆಯನ್ನು ಮೇಯುವ ಹುಳುವಿನ ಚಿತ್ರ ತೆಗೆಯಬೇಕಾದವನು ಈ ಮಾತಾಡಬಾರದು. ಮೊಬೈಲ್ ನೂರಕ್ಕೆ ತೊಂಬತ್ತು ಸರಿ ಹೇಳಿತು ಎಂದರೆ, ಉಳಿದ ಹತ್ತನ್ನು ಉಣ್ಣುವವರು ಮನೆಯವರು. ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಆರು ಗಂಟೆ ಕಳೆದ ಮೇಲೆ ತೋರಿ, ನಡುವೆ ಒಮ್ಮೆ ಗುಣವಾದಂತೆ ನಟಿಸಿ ಯಕೃತ್ತನ್ನು ಕೆಡಿಸುತ್ತದೆ. ಆದ್ದರಿಂದ ಹುತ್ತದ ಚಿತ್ರ ತೆಗೆಯಿರಿ, ಸಾರಿಗೆ ಭತ್ತದ ಹುಲ್ಲಿನಲ್ಲಿ ಬೆಳೆಸಿದ ಸಿಂಪಿ ಅಣಬೆ ಕೊಂಡು ತನ್ನಿ. ಅಷ್ಟು ಹೇಳಿದರೂ ತಿಂದು ಹೊಟ್ಟೆ ತೊಳಸತೊಡಗಿದರೆ ಮಜ್ಜಿಗೆ ಕುಡಿದು ಮಲಗಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಕೂಡಲೇ ಹೋಗಿ, ಮಿಕ್ಕ ಅಣಬೆಯ ತುಂಡನ್ನೂ ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ.