ಸಸ್ತನಿರಾಯರು

ಹುಲಿ ಕಂಡರೆ ಆಕಳಿಸುವ ಒಂದು ಬಗೆಯ ಮನುಷ್ಯರು ಈಚೆಗೆ ಬೆಂಗಳೂರಿನಲ್ಲಿ ಹೆಚ್ಚಾಗಿದ್ದಾರೆ. ನಮ್ಮ ಬೀದಿಯ ಸಸ್ತನಿರಾಯರು ಆ ಪೈಕಿ ಹಿರಿಯರು. ಕಾಡಿನ ಸಸ್ತನಿಗಳನ್ನು ಹುಡುಕಿ ಅಲೆಯುವುದರಿಂದ ಬಂದ ಹೆಸರಿದು. ಅಪ್ಪ ಅಮ್ಮ ಇಟ್ಟದ್ದು ಬೇರೆಯೇ ಇದೆ, ಅದೀಗ ಆಧಾರ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿದೆ.

ಕಬಿನಿಯಲ್ಲಿ ಒಮ್ಮೆ ಇವರ ಜೀಪಿನ ಮುಂದೆಯೇ ಹುಲಿ ರಸ್ತೆ ದಾಟಿತಂತೆ. ಎಲ್ಲರೂ ಉಸಿರು ಬಿಗಿಹಿಡಿದು ಬಲಕ್ಕೆ ವಾಲಿದರೆ ರಾಯರೊಬ್ಬರೇ ಎಡಕ್ಕೆ. ಅಲ್ಲಿ ಲಂಟಾನದ ಬುಡದಲ್ಲಿ, ಕತ್ತಿನ ಪಕ್ಕ ಕರಿಪಟ್ಟೆಯಿರುವ ಮುಂಗುಸಿಯೊಂದು ಮಣ್ಣು ಕೆದರುತ್ತಿತ್ತು. "ಸರ್, ಹುಲಿ ಸರ್!" ಎಂದು ಡ್ರೈವರ್ ಪಿಸುಗುಟ್ಟಿದ. "ಇರ್ಲಿ ಬಿಡಪ್ಪ, ಅದನ್ನ ನೋಡೋರು ಬೇಕಾದಷ್ಟು ಜನ ಇದಾರೆ. ಏಷ್ಯಾದ ಮುಂಗುಸಿಗಳಲ್ಲೆಲ್ಲ ಇದೇ ದೊಡ್ಡದು, ಗೊತ್ತಾ?" ಎಂದರಂತೆ ರಾಯರು. ಅವರ ಪ್ರಕಾರ ಪ್ರಾಣಿ ಚಿಕ್ಕದಾದಷ್ಟೂ, ಕತ್ತಲಲ್ಲಿ ಓಡಾಡಿದಷ್ಟೂ, ಫೋಟೊದಲ್ಲಿ ಮಸುಕಾಗಿ ಬಂದಷ್ಟೂ ಘನತೆ ಜಾಸ್ತಿ. ಆನೆ, ಹುಲಿ, ಕಾಟಿ ಇವೆಲ್ಲ ಹನಿಮೂನಿಗೆ ಬಂದವರಿಗೆ.

ಪ್ರವಾಸದ ಸಿದ್ಧತೆ ಶುರುವಾಗುವುದು ಗೋಡೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗದಿಂದ. ಮಗ ದಿನಾ ಅದನ್ನು ತಿರುವಿಹಾಕುವುದನ್ನು ಕಂಡು ರಾಯರ ತಾಯಿ, ಅಂತೂ ಇವನಿಗೆ ದೈವಭಕ್ತಿ ಬಂತು ಎಂದು ಹಿಗ್ಗಿದ್ದರು. ರಾಯರು ಹುಡುಕುತ್ತಿದ್ದುದು ಅಮಾವಾಸ್ಯೆಯನ್ನು. ಬೆಳದಿಂಗಳಿದ್ದರೆ ಎಷ್ಟೋ ಸಣ್ಣ ಪ್ರಾಣಿಗಳು ತಮ್ಮನ್ನು ತಿನ್ನುವವರ ಕಣ್ಣಿಗೆ ಬೀಳುವ ಭಯಕ್ಕೆ ಬಯಲಿಗೆ ಬರುವುದು ಕಮ್ಮಿ. ಕಗ್ಗತ್ತಲಾದರೆ ಅವಕ್ಕೆ ಧೈರ್ಯ. ಹೀಗಾಗಿ ಊರವರೆಲ್ಲ ಪ್ರಯಾಣ ಮುಂದಕ್ಕೆ ಹಾಕುವ ದಿನವೇ ರಾಯರ ಕಾರು ಹೊರಡುತ್ತದೆ. "ಅಮಾವಾಸ್ಯೆ ದಿನ ಹೊಸ್ತಿಲು ದಾಟ್ತೀಯೇನೋ" ಎಂದು ತಾಯಿ ಗೋಳಾಡಿದರೆ "ಪುನುಗಿನ ಬೆಕ್ಕಿಗೆ ರಾಹುಕಾಲ ಇಲ್ಲಮ್ಮ" ಎಂಬ ಉತ್ತರ.

ಆಮೇಲೆ ಎಕ್ಸೆಲ್ ಹಾಳೆ. ಒಂದು ಕಾಲಮ್ಮಿನಲ್ಲಿ ಪ್ರಾಣಿಯ ಹೆಸರು, ಇನ್ನೊಂದರಲ್ಲಿ ಅದು ಕಾಣುವ ಸಂಭವ, ಮತ್ತೊಂದರಲ್ಲಿ ಕಾಣದಿದ್ದರೆ ಅದಕ್ಕೆ ಕಾರಣ. ಈ ಕೊನೆಯದನ್ನು ಹೊರಡುವ ಮೊದಲೇ ತುಂಬಿಟ್ಟಿರುತ್ತಾರೆ.

ಸಂಸಾರದ ಪ್ರವಾಸಗಳಿಗೂ ಇದೇ ಗತಿ. ಹಂಪಿ ತೋರಿಸುತ್ತೇನೆಂದು ಕರೆದೊಯ್ದು ಮಧ್ಯಾಹ್ನ ದರೋಜಿಯಲ್ಲಿ ಕೂರಿಸಿದರು. ಅಲ್ಲಿ ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಪಾಕ ಬಳಿದು ಹೋದ ಮೇಲೆ ಕರಡಿಗಳು ಬಂದು ನೆಕ್ಕುತ್ತವೆ. ಮಾರನೆಯ ದಿನ ತುಂಗಭದ್ರೆಯ ದಡದಲ್ಲಿ ನೀರುನಾಯಿಗಾಗಿ ತಪಸ್ಸು. ಕಲ್ಲಿನ ರಥವನ್ನು ಮಕ್ಕಳು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನೋಡಿಕೊಂಡರು. ಕೋಟಿಲಿಂಗೇಶ್ವರನ ಹೆಸರಲ್ಲಿ ಹೊರಟ ಕಾರು ಸಂಜೆ ಹೊತ್ತಿಗೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಡ್ಡದ ಹತ್ತಿರ ನಿಂತಿತು. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಎಲೆಮೂಗಿನ ಬಾವಲಿಯೊಂದು ಈಗ ಇಡೀ ಜಗತ್ತಿನಲ್ಲಿ ಉಳಿದಿರುವುದು ಅಲ್ಲಿಯ ಒಂದು ಗುಹೆಯಲ್ಲಿ ಮಾತ್ರ ಎಂದು ತಿಳಿದಿದೆ. ಅವಕ್ಕೆ ತೊಂದರೆ ಕೊಡಬಾರದೆಂದು ರಾಯರು ದೂರವೇ ನಿಂತರು. ಇದು ಮೆಚ್ಚಬೇಕಾದ್ದೇ. ಕತ್ತಲಾಗುತ್ತಲೇ ಬಾವಲಿಗಳು ಹೊರಬಿದ್ದವು. ಆದರೆ ಅಲ್ಲಿ ಬೇರೆ ಜಾತಿಯವೂ ಬಾಡಿಗೆಗಿವೆ, ತಲೆಯ ಮೇಲೆ ಹಾರಿದ್ದರಲ್ಲಿ ಇವರದು ಯಾವುದು? "ಒಂದಾದರೂ ಅದೇ ಇರಲೇಬೇಕು" ಎಂದು ತಾವು ಕಂಡ ಸಸ್ತನಿಗಳ ಪಟ್ಟಿಗೆ ಸೇರಿಸಿ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ತುಮಕೂರು ಕಡೆಯ ಹುಣಸೆ ತೋಪಿನ ಪ್ರಸಂಗ ಇದಕ್ಕಿಂತ ಗಂಭೀರ. ಕಾಡುಪಾಪ ಹುಡುಕುವವರು ಕೆಂಪು ಟಾರ್ಚು ಹಿಡಿಯುತ್ತಾರೆ. ಬಿಳಿ ಬೆಳಕು ಅದರ ದೊಡ್ಡ ಕಣ್ಣಿಗೆ ಹಿಂಸೆ, ಕೆಂಪು ಬೆಳಕಿನಲ್ಲೂ ಆ ಕಣ್ಣು ಕೆಂಡದ ಬಣ್ಣಕ್ಕೆ ಹೊಳೆಯುತ್ತದೆ. ಅಮಾವಾಸ್ಯೆ, ನಡುರಾತ್ರಿ, ಗುಡ್ಡದ ತಪ್ಪಲು, ಕೆಂಪು ಬೆಳಕು. ಬೀಟಿಗೆ ಬಂದ ಪೊಲೀಸರು ನಿಧಿಗಳ್ಳ ಸಿಕ್ಕಿದ ಎಂದುಕೊಂಡದ್ದರಲ್ಲಿ ತಪ್ಪೇನು?

"ನಿಧಿ ಅಲ್ಲ ಸ್ವಾಮಿ, ಕಾಡುಪಾಪ ಹುಡುಕ್ತಿದೀನಿ."

ನಿಧಿ ಎಂದಿದ್ದರೇ ಚೆನ್ನಾಗಿತ್ತು. ವಾಮಾಚಾರದವರು ಕಾಡುಪಾಪ ಹಿಡಿದು ಮಾರುವುದು ಪೊಲೀಸರಿಗೆ ಗೊತ್ತಿರುವ ವಿಷಯ. ರಾಯರು ಅದು ಎಂಥ ಅಪರೂಪದ ಪ್ರಾಣಿ, ಎಷ್ಟು ಮೆಲ್ಲಗೆ ನಡೆಯುತ್ತದೆ, ಯಾವ ಕೊಂಬೆಗೆ ಬರುತ್ತದೆ ಎಂದು ವಿವರಿಸಿದಷ್ಟೂ ಎದುರಿದ್ದವರ ಮುಖ ಬಿಗಿಯಾಗುತ್ತ ಹೋಯಿತು. ಬೆಳಗಿನ ಜಾವ ಬಿಡಿಸಿಕೊಂಡು ಬಂದವರು ಅವರ ಭಾವಮೈದ. ಆ ಭಾವಮೈದನ ಮುಂದೆ ಈಗಲೂ ಹುಣಸೆಹಣ್ಣಿನ ಮಾತೆತ್ತುವ ಹಾಗಿಲ್ಲ.

ಕಥೆ ಹೇಳುವಾಗ ಮಾತ್ರ ರಾಯರ ನೆಚ್ಚಿನ ನೆಲ ಬೋರ್ನಿಯೋ. ಅಲ್ಲಿನ ಸಬಾ ಪ್ರಾಂತ್ಯದಲ್ಲಿ ದೆರಮಕೋಟ್ ಎಂಬ ಕಾಡಿದೆ. ಸೋಜಿಗವೆಂದರೆ ಅದು ಮರ ಕಡಿದು ಮಾರುವ ಕಾಡು. ಲೆಕ್ಕ ಹಾಕಿ, ಜಾಗ ಬದಲಿಸಿ ಕಡಿಯುವುದರಿಂದ ಆ ದ್ವೀಪದ ಐದೂ ಜಾತಿಯ ಕಾಡುಬೆಕ್ಕುಗಳು ಅಲ್ಲಿ ಉಳಿದುಕೊಂಡಿವೆ. ತೆರೆದ ಜೀಪಿನ ಹಿಂಬದಿಯಲ್ಲಿ ನಿಂತು, ಮಳೆಯಲ್ಲಿ ನೆನೆಯುತ್ತ ರಾತ್ರಿಯಿಡೀ ಮರಗಳಿಗೆ ಟಾರ್ಚು ಹಾಯಿಸುವುದೇ ಅಲ್ಲಿಯ ಕೆಲಸ. ಎಲ್ಲರೂ ಹಂಬಲಿಸುವುದು ಮೋಡಚಿರತೆಗಾಗಿ. ಅದು ಬಂತು. ನಿಂತಿತು. ತಿರುಗಿ ನೋಡಿತು. ಆ ಹೊತ್ತಿಗೆ ರಾಯರು ಬಗ್ಗಿ ಕಾಲುಚೀಲದೊಳಗಿನ ಇಂಬಳ ಕೀಳುತ್ತಿದ್ದರು. ಹೀಗಾಗಿ ಅವರ ಬೋರ್ನಿಯೋ ಪುರಾಣದಲ್ಲಿ ಚಿರತೆಗೆ ಒಂದು ವಾಕ್ಯ, ಇಂಬಳಕ್ಕೆ ಅರ್ಧ ಗಂಟೆ. "ನಮ್ಮ ಆಗುಂಬೆದು ಪಾಪ, ನೆಲದಿಂದ ಹತ್ತುತ್ತೆ. ಅಲ್ಲಿಯ ಹುಲಿ ಇಂಬಳ ಎಲೆ ಮೇಲೆ ಕೂತು ಕಾಯುತ್ತೆ ಕಣ್ರೀ, ಕಚ್ಚಿದ್ದೂ ಗೊತ್ತಾಗುತ್ತೆ!"

ಆದರೆ ಅದೇ ಬೋರ್ನಿಯೋ ಆಮೇಲೆ ಕೈಹಿಡಿಯಿತು. ಅಲ್ಲಿ ಅವರು ಕಂಡಿದ್ದ ಚಿರತೆಬೆಕ್ಕು ಭದ್ರಾದಲ್ಲಿ ಮೊದಲೇ ನೋಡಿದ್ದೇ ಎಂದು ಲೆಕ್ಕಕ್ಕೆ ಬಂದಿರಲಿಲ್ಲ. 2017ರಲ್ಲಿ ಬೆಕ್ಕಿನ ತಜ್ಞರು ಎರಡೂ ಬೇರೆಬೇರೆ ಪ್ರಭೇದ ಎಂದು ವಿಂಗಡಿಸಿಬಿಟ್ಟರು. ಸೋಫಾದ ಮೇಲೆ ಕೂತಿದ್ದ ಹಾಗೇ ರಾಯರಿಗೆ ಹೊಸ ಪ್ರಾಣಿಯೊಂದು ಸಂದಾಯವಾಯಿತು. ಅಂದು ಮನೆಯಲ್ಲಿ ಹೋಳಿಗೆ. ಈಗ ವಿಜ್ಞಾನಿಗಳು ಎಲ್ಲಿ ಯಾವ ಅಳಿಲನ್ನು ಇಬ್ಭಾಗ ಮಾಡುತ್ತಾರೋ ಎಂದು ಕಾಯುವುದೂ ಅವರ ದಿನಚರಿಯಲ್ಲಿ ಸೇರಿದೆ.

ಇಷ್ಟೆಲ್ಲ ಇದ್ದೂ ರಾಯರಿಗೆ ಸಿಗದೇ ಉಳಿದದ್ದು ನೀಲಗಿರಿ ಮಾರ್ಟೆನ್. ಪಶ್ಚಿಮಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲದ, ಘಟ್ಟದಲ್ಲೂ ಅಪರೂಪಕ್ಕೆ ಕಾಣುವ ಪ್ರಾಣಿ. ಅದಕ್ಕೆಂದೇ ಕೊಡಗಿನ ಹೋಂಸ್ಟೇಯಲ್ಲಿ ರಾತ್ರಿಯೆಲ್ಲ ಅಲೆದು, ಬೆಳಿಗ್ಗೆ ಕಂಬಳಿ ಹೊದ್ದು ಮಲಗಿದರು. ಅವರ ಹೆಂಡತಿ, ನಮಗೆಲ್ಲ ಅಕ್ಕ, ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ರಾಯರು ಎದ್ದ ಮೇಲೆ ಹೇಳಿದರು: "ಏನ್ರೀ, ಇವರ ಮನೇಲಿ ಅದೇನು ಸಾಕಿದಾರೆ? ಉದ್ದಕ್ಕೆ, ಕಪ್ಪಗೆ, ಕತ್ತಿಗೆ ಅರಿಶಿನ ಬಳಿದ ಹಾಗೆ. ಬೇಲಿ ಮೇಲೆ ಬಂದು ನನ್ನ ಬಿಸ್ಕತ್ತು ನೋಡ್ತಾ ನಿಂತಿತ್ತು."

ರಾಯರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನೋಟ್‌ಬುಕ್ಕು ಹಿಡಿದು ಬಂದು, ಎಷ್ಟು ಹೊತ್ತು ಇತ್ತು ಎಂದು ಕೇಳಿದರು.

"ಕಾಫಿ ಆರೋವಷ್ಟು ಹೊತ್ತು" ಎಂದರು ಅಕ್ಕ.

ಈಗ ಅವರ ಮನೆಗೆ ಹೋದರೆ ರಾಯರು ಲ್ಯಾಪ್‌ಟಾಪ್ ತೆರೆದು, ಕತ್ತಲೆಯ ಫೋಟೊದಲ್ಲಿ ಕೆಂಪು ಚುಕ್ಕೆಯೊಂದನ್ನು ತೋರಿಸಿ "ಇದು ಎಡಗಣ್ಣು" ಎನ್ನುವಷ್ಟರಲ್ಲಿ ಅಕ್ಕ ಕೋಡುಬಳೆಯ ತಟ್ಟೆ ತಂದಿಟ್ಟು, ಸೆರಗು ಸರಿಮಾಡಿಕೊಂಡು ಎದುರಿಗೇ ಕೂರುತ್ತಾರೆ. "ಅದಿರ್ಲಿ, ಕೊಡಗಲ್ಲಿ ನಾನು ನೋಡಿದ್ದು ಕೇಳಿ" ಎನ್ನುತ್ತಾರೆ. ಅವರು ಕಥೆಯನ್ನು ಬಲು ಸೊಗಸಾಗಿ ಹೇಳುತ್ತಾರೆ. ಬಾಲದ ಭಾಗ ಬರುವಷ್ಟರಲ್ಲಿ ರಾಯರಿಗೆ ನೀರಿನ ಮೋಟರು ಹಾಕುವುದು ನೆನಪಾಗುತ್ತದೆ.