ಜೀರ್ಣಲೇತ್ ಮೀಮಾಂಸೆ

ಲೋಹವನ್ನು ಕಡೆಯುವ ಯಂತ್ರಗಳಲ್ಲಿ ಲೇತ್‌ಗೆ ಅಗ್ರಪೂಜೆ ಸಲ್ಲಬೇಕೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಜಾಬ್ ಎನಿಸಿಕೊಳ್ಳುವ ಲೋಹದ ತುಂಡನ್ನು ಚಕ್ ಎಂಬ ಹಿಡಿತದಲ್ಲಿ ಬಿಗಿದು ತಿರುಗಿಸುತ್ತ, ಕ್ಯಾರೇಜ್ ಎಂಬ ಜಾರುಪೀಠದ ಮೇಲೆ ಕೂತ ಟೂಲನ್ನು ಅದಕ್ಕೆ ತಾಗಿಸಿ ಸಿಪ್ಪೆ ಸುಲಿಯುವುದು ಈ ಯಂತ್ರದ ಪ್ರಕಟ ಉದ್ದೇಶ. ಅಪ್ರಕಟ ಉದ್ದೇಶ ಬೇರೆಯೇ ಇದೆ, ಪ್ರಸ್ತುತ ಪ್ರಬಂಧ ಅದನ್ನು ಕುರಿತದ್ದು. ಲೇತ್‌ನ ಬಹುಪಾಲು ಬಿಡಿಭಾಗಗಳನ್ನು ಲೇತ್‌ನಲ್ಲೇ ಮಾಡಿಕೊಳ್ಳಬಹುದು ಎಂಬುದು ಯಂತ್ರಶಾಲೆಗಳ ಹಳೆಯ ಮಾತು. ಆ ಮಾತನ್ನು ನಂಬಿ ಹಳೆಯ ಲೇತ್ ಒಂದನ್ನು ಮನೆಗೆ ತಂದವನು ಅಂದಿನಿಂದ ಅದರ ಮೇಲೆ ಅದರದೇ ಬುಷ್, ಅದರದೇ ಸ್ಕ್ರೂ, ಅದರದೇ ಹ್ಯಾಂಡಲ್ ಹೊರತು ಮತ್ತೇನನ್ನೂ ಕಡೆಯುವುದಿಲ್ಲ ಎಂಬುದು ಇಲ್ಲಿಯ ಸಿದ್ಧಾಂತ. ಪೀಣ್ಯದ ಶೆಡ್ಡುಗಳಲ್ಲಿ ನಲವತ್ತು ವರ್ಷದ ಲೇತ್‌ಗಳು ಇಂದಿಗೂ ಎರಡು ಪಾಳಿ ದುಡಿದು ಸಂಸಾರಗಳನ್ನು ಸಾಕುತ್ತಿಲ್ಲವೇ ಎಂದು ಪೂರ್ವಪಕ್ಷದವರು ಆಕ್ಷೇಪಿಸಬಹುದು. ಅಲ್ಲಿ ಲೇತ್‌ಗೆ ಮಾಲೀಕನಿದ್ದಾನೆ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಭಕ್ತನಿರುವ ಲೇತ್‌ಗಳನ್ನು ಮಾತ್ರ.

ಜೀರ್ಣತ್ವವನ್ನು ನಿರ್ಣಯಿಸಲು ಇಸವಿಯೊಂದೇ ಸಾಲದು. ಕ್ಯಾರೇಜನ್ನು ಸಾಗಿಸುವ ಉದ್ದ ತಿರುಪಾದ ಲೀಡ್‌ಸ್ಕ್ರೂ, ಬದಲಾಯಿಸಬಹುದಾದ ಗಿಯರ್‌ಗಳು ಮತ್ತು ಟೂಲ್ ಹಿಡಿಯುವ ಸ್ಲೈಡ್, ಈ ಮೂರನ್ನೂ ಒಂದೇ ಗಟ್ಟಿ ಲೋಹದ ಯಂತ್ರದಲ್ಲಿ ಕೂಡಿಸಿ ಸ್ಕ್ರೂ ಕಡೆಯುವ ಲೇತ್‌ಗೆ ಇಂದಿನ ರೂಪ ಕೊಟ್ಟವನೆಂದು ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯನ್ನು ಹೇಳಲಾಗುತ್ತದೆ. ಕಾಲ 1800ರ ಆಸುಪಾಸು. ಅಳತೆಯ ವ್ಯಾಜ್ಯಗಳನ್ನು ಅಂತಿಮವಾಗಿ ತೀರ್ಮಾನಿಸಲು ಆತ ಒಂದು ಮೈಕ್ರೋಮೀಟರನ್ನು ಇಟ್ಟುಕೊಂಡಿದ್ದ, ಅದಕ್ಕೆ ‘ಲಾರ್ಡ್ ಚಾನ್ಸಲರ್’ ಎಂದು ಇಂಗ್ಲೆಂಡಿನ ಹಿರಿಯ ನ್ಯಾಯಾಧಿಪತಿಯ ಪದವಿಯನ್ನೇ ಹೆಸರಾಗಿ ಇಟ್ಟಿದ್ದರು. ಕನ್ನಡ ನಾಡಿನಲ್ಲಿ ಅಂಥ ಪೀಠ ಸ್ಥಾಪನೆಯಾಗದ ಕಾರಣ ಈ ಬಗೆಯ ವ್ಯಾಜ್ಯಗಳು ಟೀ ಅಂಗಡಿಯ ಮುಂದೆ ನಡೆದು, ಲೋಟ ಖಾಲಿಯಾದೊಡನೆ ಮುಂದೂಡಲ್ಪಡುತ್ತವೆ.

ಇಲ್ಲಿಯ ಲೇತ್ ಚರಿತ್ರೆಯನ್ನು ಎರಡು ಯುಗಗಳಾಗಿ ವಿಂಗಡಿಸುವುದು ವಾಡಿಕೆ. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭವಾಗಿ, ಮುಂದೆ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಎಂಬ ವಂಶಗಳು ಬೆಳಗಿದ್ದು ಹರಿಹರ ಯುಗ. 1953ರಲ್ಲಿ ಕೇಂದ್ರ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿಯನ್ನು ಸ್ಥಾಪಿಸಿದ ಮೇಲಿನದು ಜಾಲಹಳ್ಳಿ ಯುಗ. ಈ ಎರಡನೆಯ ಯುಗದ ಎಚ್-22, ಅದರ ಉತ್ತರಾಧಿಕಾರಿ ಎನ್‌ಎಚ್-22 ಮೊದಲಾದ ಹೆಸರುಗಳಲ್ಲಿ ಬರುವ ಅಂಕಿಯು ಕ್ಯಾರೇಜ್ ಜಾರುವ ಹಳಿಯಾದ ಬೆಡ್ಡಿನಿಂದ ಚಕ್ಕಿನ ಕೇಂದ್ರಕ್ಕಿರುವ 220 ಮಿ.ಮೀ. ಎತ್ತರವನ್ನು ಸೂಚಿಸುತ್ತದೆ. ಎಚ್‌ಎಂಟಿ ಎಂದರೆ ಕೈಗಡಿಯಾರ ಎಂದೇ ಜನಸಾಮಾನ್ಯರು ಭಾವಿಸಿರುವುದನ್ನು ಲೇತ್ ಪಂಡಿತರು ಕ್ಷಮಿಸಿಲ್ಲ. 1961ರಲ್ಲಿ ಆರಂಭವಾದ ಗಡಿಯಾರ ವಿಭಾಗವನ್ನು ಅವರು ಒಂದು ಗಂಭೀರ ಸಂಸ್ಥೆ ಬಿಡುವಿನ ವೇಳೆಯಲ್ಲಿ ಹಚ್ಚಿಕೊಂಡ ಹವ್ಯಾಸವೆಂದು ಪರಿಗಣಿಸುತ್ತಾರೆ. ಹರಿಹರದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಟರ್ನ್‌ಮಾಸ್ಟರ್‌ಗಳ ಬೆಲೆಗಿಂತ ಅವುಗಳ ಬಗೆಗಿನ ಮಾತು ಹೆಚ್ಚಾಗಿದೆ. ಒಟ್ಟಿನಲ್ಲಿ, ಬಿಡಿಭಾಗ ಬೇಕೆಂದು ಫೋನ್ ಮಾಡಿದರೆ ಎತ್ತಲು ತಯಾರಕನ ಕಡೆ ಯಾರೂ ಉಳಿದಿಲ್ಲದ ಲೇತ್‌ಗೆ ಜೀರ್ಣತ್ವ ಸಿದ್ಧಿಸುತ್ತದೆ ಎಂಬ ಲಕ್ಷಣವನ್ನು ಸದ್ಯಕ್ಕೆ ಒಪ್ಪಬಹುದು.

ಕಾಲನಿರ್ಣಯಕ್ಕೆ ಮುಖ್ಯ ಆಕರ ಶಾಸನಗಳು. ಹೆಡ್‌ಸ್ಟಾಕ್, ಅಂದರೆ ಚಕ್ಕನ್ನು ತಿರುಗಿಸುವ ಗಿಯರ್‌ಗಳಿರುವ ಎಡಬದಿಯ ಪೆಟ್ಟಿಗೆಯ ಎದೆಗೆ ರಿವೆಟ್ ಹೊಡೆದ ಹಿತ್ತಾಳೆ ತಗಡಿನಲ್ಲಿ ತಯಾರಕನ ಹೆಸರು, ಮಾದರಿ, ಕ್ರಮಸಂಖ್ಯೆ ಕೆತ್ತಿರುತ್ತವೆ. ರಾಜನ ಹೆಸರಿನಲ್ಲಿ ಸುಳ್ಳು ದತ್ತಿ ಸೃಷ್ಟಿಸಿಕೊಂಡ ತಾಮ್ರಪಟಗಳನ್ನು ಶಾಸನತಜ್ಞರು ಕೂಟಶಾಸನವೆಂದು ಕರೆದಂತೆ, ಊರು ಪೇರಿಲ್ಲದ ಲೇತ್ ಒಂದರ ಎದೆಯ ಮೇಲೆ ಸತ್ತ ಎಚ್‌ಎಂಟಿಯ ತಗಡನ್ನು ತಂದು ಕೂರಿಸಿರುವ ನಿದರ್ಶನಗಳನ್ನೂ ಆ ವರ್ಗಕ್ಕೇ ಸೇರಿಸಬೇಕಾಗುತ್ತದೆ. ಮೂಲ ಯಂತ್ರಕ್ಕೆ ರಿವೆಟ್ ಇದ್ದು ಇದಕ್ಕೆ ಫ್ಯಾನ್ಸಿ ಸ್ಕ್ರೂ ಇರುವುದೇ ಕೂಟತ್ವಕ್ಕೆ ಸಾಕ್ಷಿ. ಬಣ್ಣದ ಪದರಗಳೂ ಮಾತನಾಡುತ್ತವೆ: ಒಂದು ಮೂಲೆಯಲ್ಲಿ ಉಗುರಿನಿಂದ ಕೆರೆದರೆ ಮೊದಲು ವ್ಯಾಪಾರಿ ಬಳಿದ ಎಳೆಹಸಿರು, ಅದರಡಿ ಯಾವುದೋ ಕಾಲೇಜಿನ ವರ್ಕ್‌ಶಾಪಿನ ಕಡುಹಸಿರು, ಅದರಡಿ ಗುಂಡಿ ಮುಚ್ಚಿದ ಪುಟ್ಟಿ, ಕಟ್ಟಕಡೆಗೆ ಕಾರ್ಖಾನೆಯ ಬೂದುಬಣ್ಣ. ಮೇಲಿನ ಪದರದ ವಾಸನೆ ಎಷ್ಟು ತಾಜಾ ಇರುತ್ತದೋ ಒಳಗಿನ ಸವೆತ ಅಷ್ಟು ಹಿರಿದು ಎಂಬ ನಿಯಮಕ್ಕೆ ಅಪವಾದ ದೊರೆತಿಲ್ಲ. ಎಣ್ಣೆ ಬಿಡುವ ತೂತುಗಳನ್ನೂ ಬಣ್ಣ ಮುಚ್ಚಿದ್ದರೆ ಆ ಯಂತ್ರ ಎಷ್ಟು ವರ್ಷದಿಂದ ಉಪವಾಸವಿದೆ ಎಂಬುದನ್ನೂ ಇದೇ ಪದರಗಳಿಂದ ಲೆಕ್ಕ ಹಾಕಬಹುದು.

ಶಾಸನ ಮೌನವಾದೆಡೆ ಉತ್ಖನನವೇ ಗತಿ. ಬೆಡ್ಡಿನ ಕೆಳಗೆ ಸಿಪ್ಪೆ, ಕೂಲೆಂಟ್ ಬೀಳಲೆಂದು ಇಟ್ಟ ತಗಡಿನ ಟ್ರೇ ಲೇತ್‌ನ ಪ್ರಾಚ್ಯವಸ್ತು ನಿವೇಶನ. ಮೇಲ್ಸ್ತರದಲ್ಲಿ ಎಂ.ಎಸ್. ಕಬ್ಬಿಣದ ಸುರುಳಿಗಳು, ಅದರ ಕೆಳಗೆ ಬೀಡು, ಅಂದರೆ ಎರಕದ ಕಬ್ಬಿಣ, ಕಡೆದಾಗ ಉದುರುವ ಕರಿಪುಡಿ, ಅದರೊಳಗೆ ಹಿತ್ತಾಳೆಯ ಹೊಂಬಣ್ಣದ ಒಂದು ತೆಳುಗೆರೆ. ಈ ಗೆರೆ ಹಿತ್ತಾಳೆ ಆರ್ಡರ್ ಸಿಕ್ಕಿದ ಒಂದು ಸುಭಿಕ್ಷ ವಾರವನ್ನು ಸೂಚಿಸುತ್ತದೆ. ಇನ್ನೂ ಕೆಳಗೆ ಎಣ್ಣೆ, ನೀರು, ಪುಡಿ ಬೆರೆತು ಗಟ್ಟಿಯಾದ ಹೆಂಟೆಯೊಳಗೆ ಒಂದು ಅಲನ್ ಕೀ, ಮುರಿದ ಎಚ್‌ಎಸ್‌ಎಸ್ ಟೂಲ್ ಬಿಟ್, ಬೀಡಿಯ ತುಂಡು, ಒಂದು ಎಂಟಾಣೆ ದೊರೆಯುತ್ತವೆ. ಎಂಟಾಣೆಯಿಂದ ಸ್ತರದ ಕಾಲವನ್ನು ಸ್ಥೂಲವಾಗಿ ಹೇಳಬಹುದು. ಅಲನ್ ಕೀಯಿಂದ, ಅದನ್ನು ಕದ್ದನೆಂದು ಹಿಂದೆ ಆರೋಪ ಹೊತ್ತ ಹೆಲ್ಪರ್ ಹುಡುಗ ನಿರಪರಾಧಿಯೆಂದೂ ಹೇಳಬಹುದು, ಆತ ಈಗ ಎಲ್ಲಿದ್ದಾನೆಂದು ಗೊತ್ತಿದ್ದರೆ.

ಇನ್ನು ಸವೆತ. ಬೆಡ್ ಎಂಬ ಹಳಿಯ ಉದ್ದ ಆರಡಿಯಿರಲಿ ಎಂಟಡಿಯಿರಲಿ, ಮನುಷ್ಯನ ಕೆಲಸವೆಲ್ಲ ಚಕ್ಕಿನ ಮಗ್ಗುಲಿನ ಒಂದೂವರೆ ಅಡಿಯೊಳಗೆ ಮುಗಿಯುವುದರಿಂದ ಹಳಿ ಅಲ್ಲೇ ತೇಯುತ್ತದೆ, ದೂರದ ತುದಿ ಮದುವೆಯ ದಿನದ ಹೊಳಪಿನಲ್ಲೇ ಇರುತ್ತದೆ. ಹಳಿ ತಗ್ಗಿದಲ್ಲಿ ಕ್ಯಾರೇಜ್ ತಗ್ಗಿ ವಾಲುತ್ತದೆ, ಟೂಲು ಜಾಬ್‌ನಿಂದ ಹಿಂದೆಗೆಯುತ್ತದೆ, ಕಡೆದ ಸರಳು ಚಕ್ಕಿನ ಬಳಿ ದಪ್ಪವಾಗುತ್ತದೆ. ಸಡಿಲವಾಯಿತೆಂದು ಗಿಬ್ ಎಂಬ ಬೆಣೆಪಟ್ಟಿಯನ್ನು ಬಿಗಿ ಮಾಡಿದರೆ ತೇದ ಜಾಗದಲ್ಲಿ ಸರಿಹೋಗಿ, ತೇಯದ ಜಾಗದಲ್ಲಿ ಕ್ಯಾರೇಜ್ ಸಿಕ್ಕಿಹಾಕಿಕೊಳ್ಳುತ್ತದೆ. ಈ ಸವೆತದಲ್ಲಿ ಭಕ್ತಿಯ ಪಾಲೆಷ್ಟು ಎಂಬುದನ್ನು ಈವರೆಗಿನ ವಿದ್ವಾಂಸರು ಕಡೆಗಣಿಸಿದ್ದಾರೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಲೇತ್‌ಗೆ ಮೈತೊಳೆಯುವ ಯೋಗ ಕೂಡಿಬರುತ್ತದೆ, ಬೆಡ್ಡಿನ ಮೇಲೆ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವು ಏರುತ್ತವೆ, ಬೂದುಗುಂಬಳ ಒಡೆಯುತ್ತದೆ. ಮರುದಿನ ಯಾರೋ ಎಣ್ಣೆ ಬಿಟ್ಟು ಕ್ಯಾರೇಜನ್ನು ಅದರ ಮೇಲೆಯೇ ಓಡಿಸುತ್ತಾರೆ. ನುಣ್ಣನೆಯ ಬೂದಿಗೆ ಎಣ್ಣೆ ಬೆರೆತರೆ ಅದು ಲೋಹ ತೇಯುವ ಲ್ಯಾಪಿಂಗ್ ಪೇಸ್ಟ್‌ನ ದಾಯಾದಿ. ಹೀಗೆ ವರ್ಷಕ್ಕೊಮ್ಮೆಯಾದರೂ ಶುಚಿಗೊಳ್ಳುವ ಭಾಗ್ಯಕ್ಕೆ ಯಂತ್ರವು ತನ್ನ ಮೈಯಿಂದಲೇ ದಕ್ಷಿಣೆ ಕೊಡುತ್ತದೆ.

ದೋಷವನ್ನು ಅಳೆಯುವ ಧರ್ಮಸಂಹಿತೆಯನ್ನು 1927ರಲ್ಲಿ ಪ್ರಕಟಿಸಿದವನು ಜರ್ಮನಿಯ ಗಿಯೋರ್ಗ್ ಶ್ಲೆಸಿಂಗರ್. ಯಾವ ಭಾಗ ಮಿ.ಮೀ.ನ ನೂರರಲ್ಲಿ ಎಷ್ಟು ಪಾಲು ತಪ್ಪಬಹುದು ಎನ್ನುವುದಷ್ಟೇ ಅಲ್ಲದೆ ಯಾವ ದಿಕ್ಕಿಗೆ ತಪ್ಪಬಹುದು ಎಂಬುದನ್ನೂ ಅವನ ಪರಂಪರೆ ವಿಧಿಸುತ್ತದೆ: ಜಾಬ್‌ನ ಮುಖವನ್ನು ಕಡೆದಾಗ ನಡು ತುಸು ತಗ್ಗಿರಬಹುದು, ಉಬ್ಬಿರಕೂಡದು; ಹೆಡ್‌ಸ್ಟಾಕಿನ ತಿರುಗು ಅಕ್ಷವಾದ ಸ್ಪಿಂಡಲ್‌ನ ಹೊರತುದಿ ಮೇಲಕ್ಕೆ ಹಾಗೂ ಟೂಲ್ ಕಡೆಗೆ ವಾಲಬಹುದು, ಕೆಳಕ್ಕೆ ವಾಲಕೂಡದು. ತಗ್ಗಿದ ಮುಖ ಅಂಚಿನ ಮೇಲೆ ಅಲುಗದೆ ಕೂರುತ್ತದೆ, ಉಬ್ಬಿದ ಮುಖ ಕುಂಬಳಕಾಯಿಯಂತೆ ಹೊರಳುತ್ತದೆ; ಮೇಲಕ್ಕಿದ್ದ ತಪ್ಪನ್ನು ಜಾಬ್‌ನ ಭಾರವೂ ಕಾಲವೂ ಕೂಡಿ ತಿದ್ದುತ್ತವೆ, ಕೆಳಕ್ಕಿದ್ದದ್ದನ್ನು ಬೆಳೆಸುತ್ತವೆ. ಭಕ್ತನ ಲೇತ್‌ನಲ್ಲಿ ಎಲ್ಲ ದೋಷಗಳೂ ಇರುತ್ತವೆ, ಬಹುಮಟ್ಟಿಗೆ ನಿಷಿದ್ಧ ದಿಕ್ಕಿನಲ್ಲೇ.

ಇದಕ್ಕೆ ಪ್ರಾಯಶ್ಚಿತ್ತ ಸ್ಕ್ರೇಪಿಂಗ್. ನಿಖರವಾದ ಪಟ್ಟಿಗೆ ನೀಲಿ ಬಳಿದು ಹಳಿಯ ಮೇಲೆ ಉಜ್ಜಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಕೈಯುಳಿಯಿಂದ ಕೆರೆದು, ಮತ್ತೆ ಬಳಿದು ಮತ್ತೆ ಕೆರೆಯುತ್ತ, ಚದರ ಇಂಚಿಗೆ ಇಪ್ಪತ್ತರ ಸುಮಾರು ನೀಲಿ ಚುಕ್ಕಿಗಳು ಸಮನಾಗಿ ಮೂಡುವ ತನಕ ಮುಂದುವರಿಸುವ ವಿಧಿ ಇದು. ಮಾಡ್‌ಸ್ಲೆಯ ಗರಡಿಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಪ್ರಚಾರಕ್ಕೆ ತಂದ ಮೂರು ಫಲಕಗಳ ನ್ಯಾಯವನ್ನು ಇಲ್ಲಿ ನೆನೆಯಬೇಕು. ಎರಡೇ ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಾಗಿ ಎರಡೂ ಪರಿಪೂರ್ಣವಾಗಿ ಕೂಡಿಕೊಂಡು ಎರಡೂ ಡೊಂಕಾಗಿರಬಹುದು. ಮೂರನೆಯದನ್ನು ತಂದು ಒಂದೊಂದು ಜೋಡಿಯನ್ನೂ ಸರದಿಯಲ್ಲಿ ಪರೀಕ್ಷಿಸಿದಾಗ ಮಾತ್ರ ಸಮತಟ್ಟು ಹುಟ್ಟುತ್ತದೆ. ಹಳೆಯ ಲೇತ್ ವ್ಯಾಪಾರದಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಎದೆ ತುಂಬಿದ ಸಹಮತ ಏರ್ಪಡುವುದು ಈ ಮೊದಲ ಬಗೆಯದು. ಮೂರನೆಯ ಫಲಕವಾಗಿ ಡಯಲ್ ಗೇಜ್ ಹಿಡಿದ ಮುದಿ ಫಿಟ್ಟರ್ ಒಬ್ಬ ಬಂದರೆ ವ್ಯಾಪಾರ ಮುರಿಯುತ್ತದೆ, ಆದ್ದರಿಂದ ಇಬ್ಬರೂ ಸೇರಿ ಅವನನ್ನು ಕರೆಯುವುದಿಲ್ಲ.

ಸ್ಕ್ರೇಪಿಂಗ್‌ಗೆ ತಿಂಗಳುಗಟ್ಟಲೆ ಬೇಕಾಗುವುದರಿಂದ ನವೀಕರಣ ಪಂಥ ಜನಪ್ರಿಯವಾಗಿದೆ. ಬೆಡ್ಡನ್ನು ಮುಟ್ಟದೆ ಉಳಿದದ್ದನ್ನೆಲ್ಲ ಬದಲಾಯಿಸುವುದು ಈ ಪಂಥದ ತತ್ತ್ವ. ಇವರು ಡಿ.ಆರ್.ಓ. ಎಂಬ ಅಂಕಿಫಲಕವನ್ನು ಅಳವಡಿಸಿ, ಕ್ಯಾರೇಜ್ ಎಷ್ಟು ವಾಲುತ್ತಿದೆ ಎಂಬುದನ್ನು ಗಮನಿಸದೆಯೇ ಅದು ಎಲ್ಲಿದೆ ಎಂಬುದನ್ನು ಐದು ಮೈಕ್ರಾನ್‌ಗಳ ನಿಖರತೆಯಲ್ಲಿ ಓದುತ್ತಾರೆ. ಮನೆಗೆ ಮೂರು ಫೇಸ್ ಸಂಪರ್ಕ ಸಿಗದವರು ಒಂದೇ ಫೇಸ್‌ನಿಂದ ಮೂರನ್ನು ಸೃಷ್ಟಿಸಿ ವೇಗವನ್ನೂ ಹಿಡಿತದಲ್ಲಿಡುವ ವಿ.ಎಫ್.ಡಿ. ಡ್ರೈವ್ ಕೂಡಿಸುತ್ತಾರೆ. ಇದರ ಫಲ ಕೆಲವೊಮ್ಮೆ ಅನಿರೀಕ್ಷಿತ: ಹಳೆಯ ಲೇತ್‌ಗಳಲ್ಲಿ ಚಕ್ಕು ಸ್ಪಿಂಡಲ್‌ನ ಮೂತಿಗೆ ಮರೆಯ, ಅಂದರೆ ತಿರುಪಿನ ಸುತ್ತುಗಳ, ಮೇಲೆ ತಿರುಪಿ ಕೂತಿರುತ್ತದೆ, ಡ್ರೈವ್‌ನ ಬ್ರೇಕನ್ನು ಚುರುಕಾಗಿ ಇಟ್ಟರೆ ಸ್ಪಿಂಡಲ್ ತಟ್ಟನೆ ನಿಲ್ಲುತ್ತದೆ, ಚಕ್ಕು ನಿಲ್ಲದೆ ತಿರುಪು ಬಿಚ್ಚಿಕೊಂಡು ಸ್ವತಂತ್ರವಾಗುತ್ತದೆ. ಇಪ್ಪತ್ತು ಕೆ.ಜಿ.ಯ ಈ ಸ್ವಾತಂತ್ರ್ಯವನ್ನು ಕಣ್ಣಾರೆ ಕಂಡವರು ಏನನ್ನೂ ಬದಲಾಯಿಸದ ಯಥಾಸ್ಥಿತಿ ಪಂಥಕ್ಕೆ ಮತಾಂತರ ಹೊಂದುತ್ತಾರೆ.

ಇಂಚಿನ ಲೀಡ್‌ಸ್ಕ್ರೂ ಇರುವ ಲೇತ್‌ನಲ್ಲಿ ಮಿ.ಮೀ. ಮರೆ ಕಡೆಯುವ ಪ್ರಶ್ನೆ ಇದಕ್ಕಿಂತ ಗಹನ. ಇಂಚಿಗೆ 25.4 ಮಿ.ಮೀ., ಐದಿಂಚಿಗೆ ಸರಿಯಾಗಿ 127. ಅದು ಅವಿಭಾಜ್ಯ ಸಂಖ್ಯೆಯಾದ್ದರಿಂದ ಪೂರ್ಣ ನಿಖರತೆ ಬೇಕೆಂದರೆ 127 ಹಲ್ಲಿನ ಗಿಯರ್ ಬೇಕೇ ಬೇಕು. ಜೀರ್ಣಲೇತ್‌ನ ಜೊತೆ ಬರುವ ಗಿಯರ್‌ಗಳ ಪೆಟ್ಟಿಗೆಯಲ್ಲಿ ಉಳಿದವೆಲ್ಲ ಇರುತ್ತವೆ, ಕೆಲವು ಎರಡೆರಡು. 127 ಇರುವುದಿಲ್ಲ. ಅದನ್ನು ಮಾಡಿಸಲು ಹೊರಟ ಭಕ್ತ ಗಿಯರ್ ಕೊರೆಯಲು ಮಿಲ್ಲಿಂಗ್ ಮೆಷಿನ್ ಬೇಕೆಂದು ಕಂಡುಕೊಳ್ಳುತ್ತಾನೆ, ಹಳೆಯ ಮಿಲ್ಲಿಂಗ್ ಮೆಷಿನ್ ಒಂದು ಮಾರಾಟಕ್ಕಿದೆಯೆಂದೂ ಕಂಡುಕೊಳ್ಳುತ್ತಾನೆ.

ಕ್ರಯವಿಕ್ರಯದಲ್ಲಿ ಎರಡು ಬೆಲೆಗಳುಂಟು. ಗುಜರಿಯವನು ಯಂತ್ರವನ್ನು ವೇಬ್ರಿಡ್ಜ್ ಏರಿಸಿ ಬೀಡಿನ ಕೆ.ಜಿ. ದರದಲ್ಲಿ ಹೇಳುವುದು ತಳಬೆಲೆ. ವ್ಯಾಪಾರಿ ‘ರನ್ನಿಂಗ್ ಕಂಡೀಷನ್’ ಎಂದು ಹೇಳುವುದು ಮೇಲ್ಬೆಲೆ. ಮೋಟಾರಿಗೆ ಕರೆಂಟ್ ಕೊಟ್ಟರೆ ಏನಾದರೊಂದು ತಿರುಗುತ್ತದೆ ಎಂಬುದಷ್ಟೇ ಈ ಪ್ರಮಾಣಪತ್ರದ ವ್ಯಾಪ್ತಿ. ಎರಡು ಬೆಲೆಗಳ ನಡುವಿನ ಅಂತರವನ್ನು ಆಸೆ ತುಂಬುತ್ತದೆ. ಮಾರಾಟದ ಕಾರಣ ಕೇಳಿದಾಗ ಜಾಗವಿಲ್ಲ ಎಂಬ ಒಂದೇ ಉತ್ತರ ಹುಬ್ಬಳ್ಳಿಯ ಗೋಕುಲ ರೋಡಿನಿಂದ ಬೆಂಗಳೂರಿನ ರಾಜಾಜಿನಗರದ ತನಕ ಕೇಳಿಬರುವುದರಿಂದ, ಲೇತ್‌ಗಳು ಕಾಲಕ್ರಮದಲ್ಲಿ ಉಬ್ಬುತ್ತವೆಯೇ ಎಂಬುದನ್ನು ಭೌತಶಾಸ್ತ್ರಜ್ಞರು ಪರಿಶೀಲಿಸಬೇಕು. ಸಾಗಣೆಯ ಅಧ್ಯಾಯವನ್ನು ವಿಸ್ತರಿಸುವ ಅಗತ್ಯವಿಲ್ಲ: ಪೈಪಿನ ತುಂಡುಗಳು, ಹಾರೆ, ಚೈನ್ ಪುಲ್ಲಿ, ಹೈಡ್ರಾ ಕ್ರೇನ್, ನಾಲ್ವರು ಹಮಾಲರು, ಸಲಹೆ ಕೊಡುವವರು ಹನ್ನೆರಡು ಮಂದಿ. ಹೆಡ್‌ಸ್ಟಾಕ್ ಬದಿ ಭಾರವೆಂದು ಎಲ್ಲರಿಗೂ ಗೊತ್ತಿರುತ್ತದೆ, ಹಗ್ಗವನ್ನು ಮಾತ್ರ ನಡುವಿಗೇ ಕಟ್ಟುತ್ತಾರೆ.

ಉಳಿದಿರುವುದು ದಾಯಭಾಗದ ಪ್ರಶ್ನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎನ್ನುತ್ತದೆ. ಆ ಹಕ್ಕನ್ನು ಪ್ರತಿಯೊಬ್ಬ ವಾರಸುದಾರನೂ ಇನ್ನೊಬ್ಬನಿಗೆ ಬಿಟ್ಟುಕೊಡಲು ಹಟ ಹಿಡಿಯುವ ಆಸ್ತಿಯೊಂದನ್ನು ಆ ಗ್ರಂಥ ಊಹಿಸಿರಲಿಲ್ಲ. ಭಕ್ತನ ಹಿರಿಯ ಮಗ ಮೂರನೇ ಮಹಡಿಯಲ್ಲಿದ್ದಾನೆ, ಕಿರಿಯವ ಅಮೆರಿಕದಲ್ಲಿ. ಮಗಳು ಹಿತ್ತಾಳೆಯ ತಗಡನ್ನು ಮಾತ್ರ ಕೇಳುತ್ತಾಳೆ. ಕೊನೆಗೆ, ತಂದೆಯವರ ವಸ್ತು ಗುಜರಿಗೆ ಹೋಗಬಾರದೆಂದು ಮೂವರೂ ಒಮ್ಮತಕ್ಕೆ ಬಂದು ಹಳೆಯ ಲೇತ್‌ಗಳ ವ್ಯಾಪಾರಿಗೆ ಫೋನ್ ಮಾಡುತ್ತಾರೆ. ಏಕೆ ಕೊಡುತ್ತಿದ್ದೀರಿ ಎಂದು ಆತ ವಾಡಿಕೆಯಂತೆ ಕೇಳುತ್ತಾನೆ, ಜಾಗವಿಲ್ಲವೆಂದು ಇವರು ಹೇಳುತ್ತಾರೆ. ಹತ್ತಿರದ ಗುಜರಿಯವನು ಕೊಟ್ಟ ದರಕ್ಕಿಂತ ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚು ಕೊಟ್ಟು, ಸಾಗಣೆಯ ಖರ್ಚನ್ನು ಅದರಲ್ಲೇ ಮುರಿದುಕೊಂಡು, ಆತ ಎಳೆಹಸಿರು ಬಣ್ಣದ ಡಬ್ಬಿ ತರಲು ಹುಡುಗನನ್ನು ಕಳಿಸುತ್ತಾನೆ.